ವರ್ಷಾಂತ್ಯದ ಗುಂಡು ಪಾರ್ಟಿ: ಬಾಟಲಿ, ಐಸು, ಊಟ, ಮನೆ ಸೇರುವ ಲೆಕ್ಕ

ಡಿಸೆಂಬರ್ ಕೊನೆಯ ಶನಿವಾರ ಬೆಂಗಳೂರಿನ ನಿಮ್ಮ ಮನೆಗೆ ಹನ್ನೆರಡು ಜನ ಗೆಳೆಯರನ್ನು ಕರೆದಿದ್ದೀರಿ ಎಂದಿಟ್ಟುಕೊಳ್ಳಿ. ಇಂಥ ಪಾರ್ಟಿಗಳು ಹಳ್ಳ ಹಿಡಿಯುವುದು ಹೆಚ್ಚುಕಮ್ಮಿ ಒಂದೇ ರೀತಿಯಲ್ಲಿ. ಒಂಬತ್ತಕ್ಕೆ ಐಸು ಖಾಲಿ. ಹತ್ತಕ್ಕೆ ಸೋಡಾ ಖಾಲಿ. ಹತ್ತೂವರೆಗೆ ವೈನ್ ಶಾಪ್ ಬಾಗಿಲು ಹಾಕುತ್ತದೆಂದು, ಆಗಲೇ ಮೂರು ಪೆಗ್ ಹಾಕಿದವರೊಬ್ಬರು ಇನ್ನೊಂದು ಬಾಟಲಿ ತರಲು ಬೈಕ್ ಹತ್ತುತ್ತಾರೆ. ಊಟದ ಪಾತ್ರೆಯ ಮುಚ್ಚಳ ತೆಗೆಯುವುದು ಹನ್ನೆರಡಕ್ಕೆ, ಅಷ್ಟು ಹೊತ್ತಿಗೆ ತಿನ್ನುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಇಷ್ಟನ್ನೂ ಮೊದಲ ಲೋಟ ತುಂಬುವ ಮೊದಲೇ ತಪ್ಪಿಸಬಹುದು. ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ನು, ಮತ್ತು ಪಾರ್ಟಿಗೆ ಮೂರು ದಿನ ಮೊದಲಿನ ಅರ್ಧ ಗಂಟೆ.

ಮೊದಲು ಜನರ ಪಟ್ಟಿ

"ಎಲ್ಲರೂ ಬನ್ನಿ" ಎಂದು ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಲೆಕ್ಕ ಸಿಗುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಮೂರು ವಿಷಯ ಕೇಳಿ: ಏನು ಕುಡಿಯುತ್ತೀರಿ, ಏನು ತಿನ್ನುವುದಿಲ್ಲ, ಹೇಗೆ ಬಂದು ಹೇಗೆ ಹೋಗುತ್ತೀರಿ. ಮೂರನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ, ಅತಿ ಮುಖ್ಯವಾದದ್ದು ಅದೇ.

ಡಿಸೆಂಬರ್ ನಮ್ಮ ಕಡೆ ಅಯ್ಯಪ್ಪ ಮಾಲೆಯ ಕಾಲವೂ ಹೌದು. ಮಾಲೆ ಹಾಕಿದವರು ಮದ್ಯ ಮಾಂಸ ಮುಟ್ಟುವುದಿಲ್ಲ, ಅವು ಇರುವ ಮನೆಯಲ್ಲಿ ಊಟಕ್ಕೆ ಕೂರಲು ಅವರಿಗೆ ಇರುಸುಮುರುಸಾಗಬಹುದು. ಅವರನ್ನು ಸಂಕ್ರಾಂತಿ ಕಳೆದ ಮೇಲೆ ಬೇರೆ ದಿನ ಕರೆಯುವುದೇ ಮರ್ಯಾದೆ. ಧನುರ್ಮಾಸ ಪಾಲಿಸುವವರು, ವೈಕುಂಠ ಏಕಾದಶಿಗೆ ಉಪವಾಸ ಇರುವವರು, ಶನಿವಾರ ಮಾಂಸ ತಿನ್ನದವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ದಿನ ನಿಗದಿ ಮಾಡುವ ಮೊದಲು ಒಮ್ಮೆ ಪಂಚಾಂಗ ನೋಡಿ. ಆ ವಾರ ನಿಮ್ಮ ಕಡೆ ಚುನಾವಣೆ ಇದ್ದರೆ ಮತದಾನ ಮುಗಿಯುವವರೆಗಿನ 48 ಗಂಟೆ ಮತ್ತು ಎಣಿಕೆಯ ದಿನ ಮದ್ಯದಂಗಡಿ ಮುಚ್ಚಿರುತ್ತದೆ, ಅದನ್ನೂ ನೋಡಿಕೊಳ್ಳಿ.

ವಯಸ್ಸಿನ ವಿಷಯ ಒಂದೇ ಮಾತಿನಲ್ಲಿ: ನಗರದ ಪಬ್ಬುಗಳು 21 ತುಂಬದವರಿಗೆ ಕೊಡುವುದಿಲ್ಲ, ಮನೆಯಲ್ಲೂ ಆ ಗೆರೆ ದಾಟಬೇಡಿ. ಅಕ್ಕನ ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ ಎಂಬುದು ವಿನಾಯಿತಿ ಅಲ್ಲ.

ಎಲ್ಲವನ್ನೂ ಸ್ಮಾಲ್‌ಗೆ ಇಳಿಸಿ

ಬಿಯರ್, ವೈನ್, ವಿಸ್ಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗದೆ ಯಾರು ಎಷ್ಟು ಕುಡಿದರು ಎಂಬುದು ತಿಳಿಯುವುದಿಲ್ಲ. ಅದಕ್ಕೆ ನಮ್ಮ ಸ್ಮಾಲ್ ಪೆಗ್ ಸಾಕು. ಇಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 42.8. ಹಾಗಾಗಿ 30 ಮಿ.ಲೀ. ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ, 60 ಮಿ.ಲೀ. ಲಾರ್ಜ್‌ನಲ್ಲಿ 20 ಗ್ರಾಂ.

ಇನ್ನು ಬಿಯರ್. 650 ಮಿ.ಲೀ. ಮೈಲ್ಡ್ ಬಾಟಲಿಯಲ್ಲಿ ಶೇಕಡಾ 5ರ ಆಸುಪಾಸು ಮದ್ಯಸಾರ ಇರುತ್ತದೆ, ಅಂದರೆ ಎರಡೂವರೆ ಸ್ಮಾಲ್. ಅದೇ ಅಳತೆಯ ಸ್ಟ್ರಾಂಗ್ ಬಾಟಲಿ ಶೇಕಡಾ 8ರದ್ದಾದರೆ ಹತ್ತಿರ ಹತ್ತಿರ ನಾಲ್ಕು ಸ್ಮಾಲ್. "ನಾನು ಬರೀ ಬಿಯರ್ ಕುಡಿಯೋನು" ಎನ್ನುತ್ತ ಮೂರು ಸ್ಟ್ರಾಂಗ್ ಮುಗಿಸಿದವರು ಹನ್ನೆರಡು ಸ್ಮಾಲ್ ಹಾಕಿದಂತೆ. ಈ ಒಂದು ಲೆಕ್ಕ ಗೊತ್ತಿಲ್ಲದೆ ಆಗುವ ಎಡವಟ್ಟು ಅಷ್ಟಿಷ್ಟಲ್ಲ. ವೈನ್ 150 ಮಿ.ಲೀ. ಲೋಟಕ್ಕೆ ಒಂದೂವರೆ ಸ್ಮಾಲ್ ಎಂದು ಹಿಡಿಯಿರಿ.

ಯಕೃತ್ತು ಗಂಟೆಗೆ 7ರಿಂದ 10 ಗ್ರಾಂ ಕರಗಿಸುತ್ತದೆ, ಹೆಚ್ಚೆಂದರೆ ಒಂದು ಸ್ಮಾಲ್. ಕಾಫಿ, ತಣ್ಣೀರು ಸ್ನಾನ, ನಿಂಬೆರಸ, ವಾಂತಿ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಎಂಟಕ್ಕೆ ಶುರು ಮಾಡಿ ಹನ್ನೆರಡರೊಳಗೆ ಹತ್ತು ಸ್ಮಾಲ್ ಮುಗಿಸಿದವರ ರಕ್ತದಲ್ಲಿ ಮಾರನೇ ಬೆಳಗ್ಗೆ ಎಂಟಕ್ಕೂ ಮದ್ಯ ಉಳಿದಿರಬಹುದು. ಬೆಳಗ್ಗೆ ಎದ್ದು ಮುಖ ತೊಳೆದು ಗಾಡಿ ತೆಗೆಯುವವರು ಇದನ್ನು ನೆನಪಿಡಬೇಕು.

ಏನು ತರಬೇಕು, ಎಷ್ಟು

ಹನ್ನೆರಡು ಜನರಲ್ಲಿ ಎಂಟು ಜನ ಕುಡಿಯುವವರು ಎಂದುಕೊಳ್ಳೋಣ: ನಾಲ್ವರಿಗೆ ವಿಸ್ಕಿ ಅಥವಾ ರಮ್, ಮೂವರಿಗೆ ಬಿಯರ್, ಒಬ್ಬರಿಗೆ ವೈನ್. ಏಳೂವರೆಯಿಂದ ಹನ್ನೊಂದೂವರೆವರೆಗೆ ನಾಲ್ಕು ಗಂಟೆ. ಹಾಟ್, ಅಂದರೆ ವಿಸ್ಕಿ ರಮ್ ಕುಡಿಯುವವರಿಗೆ ತಲಾ ಐದು ಸ್ಮಾಲ್ ಹಿಡಿದರೆ 600 ಮಿ.ಲೀ. ಒಂದು ಫುಲ್ ಬಾಟಲಿ, ಅಂದರೆ 750 ಮಿ.ಲೀ. ವಿಸ್ಕಿ ಇದಕ್ಕೆ ಸಾಕು. ಮುಂದೆ ಹೇಳುವ ಪಂಚ್‌ಗೆ ಒಂದು ಹಾಫ್ ರಮ್, 375 ಮಿ.ಲೀ.; ಲೋಟಕ್ಕೂ ರಮ್ ಬೇಕೆನ್ನುವವರಿದ್ದರೆ ಇನ್ನೊಂದು ಹಾಫ್. ಬಿಯರ್ ಮೈಲ್ಡ್ ಎಂಟು ಬಾಟಲಿ. ವೈನ್ ಒಂದು ಬಾಟಲಿ, 150 ಮಿ.ಲೀ.ನಂತೆ ಐದು ಲೋಟ.

ಇಷ್ಟೇ ಸಾಕೇ ಎಂದು ಅನ್ನಿಸುತ್ತದೆ. ಸಾಕು. ಬಾಟಲಿ ಮೇಜಿನ ಮೇಲಿದ್ದರೆ ಅದು ಮುಗಿಯುವವರೆಗೆ ಯಾರೂ ಏಳುವುದಿಲ್ಲ, ಇದು ಎಲ್ಲ ಗುಂಪಿನಲ್ಲೂ ಕಂಡ ಸತ್ಯ. ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪವೇ ಹೆಚ್ಚು ತನ್ನಿ, ಹೆಚ್ಚಿನದನ್ನು ಬೀರುವಿನಲ್ಲಿಡಿ.

ಸೋಡಾ ಮತ್ತು ನೀರಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. 30 ಮಿ.ಲೀ.ಗೆ 120 ಮಿ.ಲೀ. ಸೋಡಾ ಅಥವಾ ನೀರು ಸೇರಿಸಿದರೆ ಪೆಗ್ ಹದವಾಗಿರುತ್ತದೆ. ಇಪ್ಪತ್ತು ಸ್ಮಾಲ್‌ಗೆ ಎರಡೂವರೆ ಲೀಟರ್, ಕುಡಿಯದವರ ಲೈಮ್ ಸೋಡಾಗೆ ಇನ್ನೆರಡು ಲೀಟರ್. ದೊಡ್ಡ ಬಾಟಲಿ ಒಮ್ಮೆ ತೆರೆದರೆ ಸ್ವಲ್ಪ ಹೊತ್ತಿನಲ್ಲೇ ಗ್ಯಾಸ್ ಇಳಿದು ಸಪ್ಪೆಯಾಗುತ್ತದೆ, ಆದ್ದರಿಂದ ಸಣ್ಣ ಬಾಟಲಿಗಳನ್ನೇ ತಂದು ಒಂದೊಂದಾಗಿ ತೆರೆಯಿರಿ. ಕುಡಿಯುವ ನೀರಿಗೆ 20 ಲೀಟರ್ ಕ್ಯಾನ್ ಒಂದು. ಕೋಲಾ ಕಡಿಮೆ ಇರಲಿ: ಸಿಹಿಯಲ್ಲಿ ಮದ್ಯದ ಖಾರ ಗೊತ್ತಾಗದೆ ಲೋಟ ಬೇಗ ಬೇಗ ಖಾಲಿಯಾಗುತ್ತದೆ.

ಖರೀದಿ ಪರವಾನಗಿ ಇರುವ ಅಂಗಡಿಯಿಂದಲೇ ಆಗಲಿ, ಎಂಎಸ್‌ಐಎಲ್ ಮಳಿಗೆಯಾದರೂ ಸರಿ. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಲೇಬಲ್ ಹರಿಯದೆ ಅಂಟಿದೆಯೇ ನೋಡಿ. ವರ್ಷಾಂತ್ಯದಲ್ಲಿ ನಕಲಿ ಮಾಲಿನ ಹಾವಳಿ ಇರುತ್ತದೆ. ಮೆಥನಾಲ್ ಬೆರೆತ ಮದ್ಯ ಕಣ್ಣು ಕಳೆಯುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಗೋವಾದಿಂದ ಅಗ್ಗಕ್ಕೆ ತಂದ ಬಾಟಲಿಗಳೂ ಬೇಡ, ಪರವಾನಗಿ ಇಲ್ಲದೆ ಗಡಿ ದಾಟಿಸುವುದು ಅಪರಾಧ. ಪಾರ್ಟಿ ಮನೆಯಲ್ಲಲ್ಲದೆ ಬಾಡಿಗೆ ಹಾಲ್‌ನಲ್ಲೋ ತೋಟದ ಮನೆಯಲ್ಲೋ ಆದರೆ, ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ತಾತ್ಕಾಲಿಕ ಪರವಾನಗಿ ಬೇಕು. ಜಾಗದ ಮಾಲೀಕರು "ಅದೆಲ್ಲ ನಾವು ನೋಡ್ಕೋತೀವಿ ಸಾರ್" ಎಂದರೆ ಪರವಾನಗಿಯ ಪ್ರತಿಯನ್ನು ಕಣ್ಣಾರೆ ನೋಡಿಯೇ ಮುಂಗಡ ಕೊಡಿ.

ಐಸು

ಪಾರ್ಟಿಗಳಲ್ಲಿ ಮೊದಲು ಕೈಕೊಡುವುದು ಐಸು. ಮನೆಯ ಫ್ರಿಜ್‌ನ ಒಂದು ಟ್ರೇಯಲ್ಲಿ ಹನ್ನೆರಡರಿಂದ ಹದಿನೈದು ಗಡ್ಡೆ, ತೂಕ ಹೆಚ್ಚೆಂದರೆ ಕಾಲು ಕೆ.ಜಿ. ಅದು ಗಟ್ಟಿಯಾಗಲು ನಾಲ್ಕೈದು ಗಂಟೆ ಬೇಕು. ಒಂದು ಲೋಟಕ್ಕೆ ಮೂರು ಗಡ್ಡೆ ಹಾಕಿದರೂ ಲೋಟಗಳಿಗೇ ನಾಲ್ಕು ಕೆ.ಜಿ. ಹಿಡಿಯುತ್ತದೆ. ಬಿಯರ್ ತಣ್ಣಗಾಗಿಸುವ ಬಕೆಟ್‌ಗೆ ಇನ್ನೈದು ಕೆ.ಜಿ. ಕರಗಿ ಹೋಗುವುದೂ ಸೇರಿ ಹತ್ತು ಕೆ.ಜಿ. ಐಸು ಈ ಹನ್ನೆರಡು ಜನರಿಗೆ ಬೇಕು.

ಲೋಟದ ಐಸನ್ನು ಮೂರು ದಿನ ಮೊದಲಿಂದಲೇ ಮಾಡಿ, ಗಟ್ಟಿಯಾದ ಹಾಗೆ ಜಿಪ್ ಕವರ್‌ಗೆ ಸುರಿದು ಮುಚ್ಚಿ ಫ್ರೀಜರ್‌ನಲ್ಲಿಡಿ. ಮುಚ್ಚದೆ ಇಟ್ಟರೆ ಫ್ರೀಜರ್‌ನಲ್ಲಿರುವ ಮೀನು, ಮಾಂಸ, ತೆಂಗಿನತುರಿಯ ವಾಸನೆಯನ್ನೆಲ್ಲ ಐಸು ಹೀರಿಕೊಳ್ಳುತ್ತದೆ, ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಇಷ್ಟು ಜಾಗ ಇಲ್ಲದಿದ್ದರೆ ಸಂಜೆ ಪ್ಯಾಕೆಟ್ ಐಸು ತರಿಸಿ. ಮೀನಿನ ಮಾರುಕಟ್ಟೆಯ ದೊಡ್ಡ ಗಡ್ಡೆ ಬಕೆಟ್‌ಗೆ ಮಾತ್ರ, ಲೋಟಕ್ಕೆ ಯಾವ ಕಾರಣಕ್ಕೂ ಬೇಡ. ಅದು ಕುಡಿಯುವ ನೀರಿನಲ್ಲಿ ಮಾಡಿದ್ದಲ್ಲ.

ಬಿಯರ್ ಬಕೆಟ್‌ಗೆ ಬರೀ ಐಸು ಸುರಿಯುವುದು ತಪ್ಪು. ಗಡ್ಡೆಗಳ ನಡುವೆ ಗಾಳಿ ಇರುತ್ತದೆ, ಗಾಳಿ ಶಾಖವನ್ನು ನಿಧಾನವಾಗಿ ಎಳೆಯುತ್ತದೆ. ಐದು ಕೆ.ಜಿ. ಐಸಿಗೆ ಬಾಟಲಿ ಕುತ್ತಿಗೆವರೆಗೆ ಮುಳುಗುವಷ್ಟು ನೀರು ಹಾಕಿ, ಎರಡು ಮುಷ್ಟಿ ಕಲ್ಲುಪ್ಪು ಎರಚಿ. ಉಪ್ಪು ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಾಟಲಿ ಚಿಲ್ ಆಗುತ್ತದೆ. ಬೇಗ ಆಗಲೆಂದು ಫ್ರೀಜರ್‌ನಲ್ಲಿಟ್ಟು ಮರೆತ ಬಾಟಲಿ ಒಡೆಯುತ್ತದೆ. ಅಲ್ಲಿಡುವುದೇ ಆದರೆ ಫೋನಿನಲ್ಲಿ ಅರ್ಧ ಗಂಟೆಯ ಅಲಾರಂ ಇಟ್ಟುಕೊಳ್ಳಿ.

ಬೆರಳ ಲೆಕ್ಕ ಬಿಡಿ

"ಎರಡು ಬೆರಳು ಹಾಕು ಮಗಾ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅಡ್ಡಳತೆ ಏಳು ಸೆಂ.ಮೀ. ಇರುವ ವಿಸ್ಕಿ ಲೋಟದಲ್ಲಿ ಒಂದು ಬೆರಳಿನ ಎತ್ತರಕ್ಕೆ ಹಾಕಿದರೆ ಸುಮಾರು 70 ಮಿ.ಲೀ. ಬೀಳುತ್ತದೆ, ಅಂದರೆ ಲಾರ್ಜ್‌ಗಿಂತ ಹೆಚ್ಚು. ಅದೇ ಬೆರಳು ಐದೂವರೆ ಸೆಂ.ಮೀ. ಲೋಟದಲ್ಲಿ 43 ಮಿ.ಲೀ. ಎರಡು ಬೆರಳೆಂದರೆ ದೊಡ್ಡ ಲೋಟದಲ್ಲಿ ಹತ್ತಿರ ಹತ್ತಿರ ಐದು ಸ್ಮಾಲ್ ಒಂದೇ ಸಲಕ್ಕೆ! ಒಂದು ಕಡೆ 30, ಇನ್ನೊಂದು ಕಡೆ 60 ಮಿ.ಲೀ. ಇರುವ ಸ್ಟೀಲ್ ಪೆಗ್ ಮೆಷರ್ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಅದಿಲ್ಲದಿದ್ದರೆ ಔಷಧಿ ಬಾಟಲಿಯ ಅಳತೆ ಮುಚ್ಚಳದಿಂದ 30 ಮಿ.ಲೀ. ನೀರು ಲೋಟಕ್ಕೆ ಹಾಕಿ, ಮಟ್ಟಕ್ಕೆ ಸರಿಯಾಗಿ ಹೊರಗಿನಿಂದ ಟೇಪ್ ಅಂಟಿಸಿ. ಎಲ್ಲ ಲೋಟಗಳೂ ಒಂದೇ ಅಳತೆಯವಾಗಿರಲಿ.

ಹಾಕಿಕೊಡುವ ಕೆಲಸ ಒಬ್ಬರದೇ ಆಗಿರಬೇಕು, ಅವರು ಅಂದು ಕುಡಿಯದವರಾದರೆ ಇನ್ನೂ ಒಳ್ಳೆಯದು. ಲೋಟ ಪೂರ್ತಿ ಖಾಲಿಯಾಗುವ ಮೊದಲು ಮೇಲಿಂದ ತುಂಬಬೇಡಿ, ಅಲ್ಲಿಂದ ಲೆಕ್ಕ ತಪ್ಪುತ್ತದೆ. ಪ್ರತಿ ಪೆಗ್ ಮುಗಿದ ಮೇಲೆ ಒಂದು ಲೋಟ ನೀರು ಕೇಳದೆಯೇ ಮುಂದಿಡಿ. ಇಟ್ಟರೆ ಕುಡಿಯುತ್ತಾರೆ, ಕೇಳಿದರೆ ಬೇಡ ಎನ್ನುತ್ತಾರೆ.

ಬಂದ ತಕ್ಷಣ ಕೊಡಲು ಪಂಚ್ ಒಳ್ಳೆಯದು. ರಮ್ 375 ಮಿ.ಲೀ., ಕಿತ್ತಳೆ ರಸ 1 ಲೀಟರ್, ಐದಾರು ನಿಂಬೆಯ ರಸ ಸುಮಾರು 100 ಮಿ.ಲೀ., ಬೆಲ್ಲದ ಪಾಕ 100 ಮಿ.ಲೀ., ಒಂದು ಇಂಚು ಶುಂಠಿಯ ರಸ. ಇದನ್ನು ಮಧ್ಯಾಹ್ನವೇ ಬೆರೆಸಿ ಫ್ರಿಜ್‌ನಲ್ಲಿಡಿ. ಬಡಿಸುವಾಗ 750 ಮಿ.ಲೀ. ತಣ್ಣನೆಯ ಸೋಡಾ ಸೇರಿಸಿ ಒಂದೇ ಸಲ ಮೆಲ್ಲಗೆ ಕಲಕಿ. 150 ಮಿ.ಲೀ.ನ ಹದಿನೈದು ಲೋಟ ಬರುತ್ತದೆ, ಒಂದೊಂದರಲ್ಲಿ 25 ಮಿ.ಲೀ. ರಮ್, ಸ್ಮಾಲ್‌ಗಿಂತ ಕಡಿಮೆ. ಸೋಡಾ ಮೊದಲೇ ಹಾಕಿದರೆ ಗ್ಯಾಸ್ ಹೋಗುತ್ತದೆ, ಐಸನ್ನು ಜಗ್ಗಿಗೇ ಹಾಕಿದರೆ ಅರ್ಧ ಗಂಟೆಯಲ್ಲಿ ನೀರಾಗುತ್ತದೆ. ಐಸು ಲೋಟಕ್ಕೇ ಹಾಕಿ. ರಮ್ ಹಾಕದ ಪಂಚ್ ಇನ್ನೊಂದು ಜಗ್ಗಿನಲ್ಲಿ ಇರಲಿ, ಅದರ ಬಣ್ಣವೇ ಬೇರೆ ಇರುವಂತೆ ಕೋಕಂ ಸೇರಿಸಿ. ಚೀಟಿ ಅಂಟಿಸಿದರೆ ಸಾಲದು, ಕತ್ತಲಲ್ಲಿ ಯಾರೂ ಓದುವುದಿಲ್ಲ, ಮಕ್ಕಳ ಕೈಗೆ ತಪ್ಪು ಲೋಟ ಹೋಗುವುದು ಹೀಗೇ.

ರಾತ್ರಿ ಹತ್ತರ ಮೇಲೆ ಟೆರೇಸಿನಲ್ಲಿ ಚಳಿ ಹಿಡಿದಾಗ ಬಿಸಿ ರಮ್ಮಿಗೆ ಸಮ ಇನ್ನೊಂದಿಲ್ಲ. 120 ಮಿ.ಲೀ. ನೀರಿಗೆ ಎರಡು ಲವಂಗ, ಚೂರು ಚಕ್ಕೆ, ಒಂದು ಚಮಚ ಬೆಲ್ಲ ಹಾಕಿ ಕುದಿಸಿ, ಒಲೆ ಆರಿಸಿ, ಆಮೇಲೆ 30 ಮಿ.ಲೀ. ರಮ್, ಕೊನೆಗೆ ಅರ್ಧ ಚಮಚ ನಿಂಬೆರಸ. ಒಲೆಯ ಮೇಲಿರುವಾಗ ರಮ್ ಸುರಿಯಬೇಡಿ. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ, ಆವಿಗೆ ಬೆಂಕಿ ಹತ್ತಿಕೊಳ್ಳಬಹುದು.

ನೆಂಚಿಕೊಳ್ಳಲು ಮತ್ತು ಊಟಕ್ಕೆ

ಖಾಲಿ ಹೊಟ್ಟೆಗೆ ಬಿದ್ದ ಪೆಗ್ ನೇರ ಸಣ್ಣ ಕರುಳಿಗಿಳಿದು ಬೇಗ ರಕ್ತ ಸೇರುತ್ತದೆ. ಹೊಟ್ಟೆಯಲ್ಲಿ ಎಣ್ಣೆ, ತುಪ್ಪ, ಮೊಟ್ಟೆ, ಮಾಂಸ, ಕಾಳುಗಳಿದ್ದರೆ ಅದು ನಿಧಾನವಾಗುತ್ತದೆ. ಆದ್ದರಿಂದ ಬಂದವರಿಗೆ ಮೊದಲು ತಟ್ಟೆ, ಆಮೇಲೆ ಲೋಟ. ಏಳೂವರೆಗೆ ಬಂದವರಿಗೆ ಎಂಟರೊಳಗೆ ಏನಾದರೂ ಗಟ್ಟಿಯಾದದ್ದು ಹೊಟ್ಟೆಗೆ ಹೋಗಿರಬೇಕು.

ಕಾರ್ತಿಕದ ಕಡಲೆಕಾಯಿ ಪರಿಷೆ ಮುಗಿದು ಅವರೆಯ ಸೊಗಡು ಹಬ್ಬುವ ಈ ಕಾಲದಲ್ಲಿ ಪ್ಯಾಕೆಟ್ ಚಿಪ್ಸ್ ತರುವುದು ನ್ಯಾಯವಲ್ಲ. ಹಸಿ ಕಡಲೆಕಾಯಿ ಉಪ್ಪು ಹಾಕಿ ಬೇಯಿಸಿಡಿ, ಹನ್ನೆರಡು ಜನರಿಗೆ ಎರಡು ಕೆ.ಜಿ. ಕಾಂಗ್ರೆಸ್ ಕಡಲೆಬೀಜ ಅರ್ಧ ಕೆ.ಜಿ. ಇನ್ನು ಹಿತಕಿದ ಅವರೆಬೇಳೆಯನ್ನು ಕರಿದರೆ ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಒಂದು ಕೆ.ಜಿ. ಅವರೆಕಾಳನ್ನು ನೆನೆಸಿ, ಹಿತಕಿ, ನೀರು ಬಸಿದು ಬಟ್ಟೆಯ ಮೇಲೆ ಮುಕ್ಕಾಲು ಗಂಟೆ ಹರಡಿ. ತೇವ ಉಳಿದರೆ ಎಣ್ಣೆ ಸಿಡಿಯುತ್ತದೆ. ಕಾದ ಎಣ್ಣೆಗೆ ಒಂದೊಂದೇ ಹಿಡಿ ಬಿಡಿ, ಮೊದಲು ನೊರೆ ಉಕ್ಕಿ ಜೋರಾಗಿ ಸದ್ದು ಮಾಡುತ್ತದೆ, ಸದ್ದು ಇಳಿದು ಬೇಳೆ ಮೇಲೆ ತೇಲಿ ಜಾಲರಿ ಸೌಟಿನಲ್ಲಿ ಗಲಗಲ ಎಂದಾಗ ತೆಗೆಯಿರಿ. ಬಿಸಿ ಇರುವಾಗಲೇ ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು, ಕರಿದ ಕರಿಬೇವು. ತಣ್ಣಗಾದ ಮೇಲೆ ಉಪ್ಪು ಹಾಕಿದರೆ ಅಂಟುವುದಿಲ್ಲ. ಕರಿಯುವ ಕೆಲಸವೆಲ್ಲ ಅತಿಥಿಗಳು ಬರುವ ಮೊದಲೇ ಮುಗಿಯಲಿ, ಕುಡಿದವರು ಕಾದ ಎಣ್ಣೆಯ ಹತ್ತಿರ ಬರಬಾರದು.

ಚಿಕನ್ ಕಬಾಬ್‌ಗೆ ತಲಾ 150 ಗ್ರಾಂ ಲೆಕ್ಕ. ಅರ್ಧ ಎಂಟಕ್ಕೆ, ಇನ್ನರ್ಧ ಒಂಬತ್ತಕ್ಕೆ ಬರುವಂತೆ ಎರಡು ಕಂತಿನಲ್ಲಿ ಕೊಡಿ. ಸಸ್ಯಾಹಾರಿಗಳಿಗೆ ಮಶ್ರೂಮ್ ಪೆಪ್ಪರ್ ಡ್ರೈ, ಬೇಬಿಕಾರ್ನ್ ಬೊಂಡ, ಸೌತೆಕಾಯಿ ಕೋಸಂಬರಿ. ಬಾಣಲೆ, ಎಣ್ಣೆ, ಸೌಟು ಬೇರೆ ಇರಲಿ, ಅದನ್ನು ಅವರಿಗೆ ಹೇಳಿ ಕೂಡ. ಹೇಳದಿದ್ದರೆ ಅನುಮಾನದಲ್ಲೇ ಕೂತು ಕಡಲೆಬೀಜ ತಿಂದು ಹೋಗುತ್ತಾರೆ.

ಊಟ ಒಂಬತ್ತೂವರೆಗೆ. ನಮ್ಮ ಕಡೆ ಕುಡಿಯುವುದೆಲ್ಲ ಮುಗಿದ ಮೇಲೆ ಊಟ ಎಂಬ ರೂಢಿ ಇದೆ, ಅದೇ ಎಲ್ಲ ಅನಾಹುತದ ಮೂಲ. ಹನ್ನೆರಡಕ್ಕೆ ಬಡಿಸಿದ ಬಿರಿಯಾನಿ ಅರ್ಧ ಕಸಕ್ಕೆ ಹೋಗುತ್ತದೆ. ಊಟ ಬೇಗ ಬಂದರೆ ಕುಡಿತ ತಾನಾಗಿಯೇ ನಿಧಾನವಾಗುತ್ತದೆ, ಮಾತು ಮುಂದುವರಿಯುತ್ತದೆ. ಬಿಸಿಬೇಳೆ ಭಾತ್ ಮಾಡಿದ್ದರೆ ಬಡಿಸುವ ಮೊದಲು ಒಂದು ಲೋಟ ಕುದಿಯುವ ನೀರು, ಒಂದು ಸೌಟು ತುಪ್ಪ ಹಾಕಿ ಸಡಿಲ ಮಾಡಿ, ಇಲ್ಲವಾದರೆ ಗಟ್ಟಿಯಾಗಿ ಕೂತಿರುತ್ತದೆ. ಮೊಸರನ್ನ ಕಡ್ಡಾಯ.

ಬೇಡ ಎಂದವರಿಗೆ ಬೇಡ

"ಒಂದೇ ಒಂದು ಗುರು, ನನ್ ಮೇಲಾಣೆ" ಎಂಬ ಒತ್ತಾಯವನ್ನು ನಾವು ಪ್ರೀತಿ ಎಂದುಕೊಂಡಿದ್ದೇವೆ. ಬೇಡ ಎಂದವರು ಮಾತ್ರೆ ನುಂಗುತ್ತಿರಬಹುದು, ಗರ್ಭಿಣಿಯಾಗಿರಬಹುದು, ಕಷ್ಟಪಟ್ಟು ಬಿಟ್ಟಿರಬಹುದು. ಅದನ್ನು ಹನ್ನೊಂದು ಜನರ ಮುಂದೆ ವಿವರಿಸುವ ಹಂಗು ಅವರಿಗಿಲ್ಲ. ಹಲ್ಲು ನೋವಿಗೆ, ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಜತೆ ಮದ್ಯ ಬೇಡ ಎಂದೇ ವೈದ್ಯರು ಹೇಳುತ್ತಾರೆ. ನಿದ್ದೆ ಮಾತ್ರೆಯ ಜತೆ ಉಸಿರಾಟ ಕುಗ್ಗುತ್ತದೆ. ಇನ್ಸುಲಿನ್ ಮತ್ತು ಕೆಲವು ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ಊಟ ಮಾಡದೆ ಕುಡಿದರೆ ರಾತ್ರಿ ಸಕ್ಕರೆ ಪ್ರಮಾಣ ಕುಸಿಯುತ್ತದೆ, ಅದು ನೋಡುವವರಿಗೆ ಅಮಲಿನಂತೆಯೇ ಕಾಣುತ್ತದೆ.

ಮನೆಯವರಾಗಿ ನೀವು ಮಾಡಬೇಕಾದದ್ದು ಇಷ್ಟು: ಒಮ್ಮೆ ಕೇಳಿ, ಎರಡನೇ ಸಲ ಕೇಳಬೇಡಿ, ಬೇರೆಯವರು ಕೇಳುತ್ತಿದ್ದರೆ ಮಾತು ತಿರುಗಿಸಿ. ಕುಡಿಯದವರ ಪಾನೀಯವೂ ಅಂಥದ್ದೇ ಗಾಜಿನ ಲೋಟದಲ್ಲಿ ಬರಲಿ: ಸೊಗದೆ ಬೇರಿನ ಶರಬತ್ತು, ಶುಂಠಿ ಲೈಮ್ ಸೋಡಾ, ಮಸಾಲೆ ಮಜ್ಜಿಗೆ. ಪೇಪರ್ ಕಪ್ಪಿನಲ್ಲಿ ಫ್ಯಾಂಟಾ ಕೊಟ್ಟು ಮೂಲೆಗೆ ಕೂರಿಸಬೇಡಿ. ನೀವೇ ಬೇಡ ಎನ್ನಬೇಕಾದವರಾದರೆ "ಇವತ್ತು ಬೇಡ ಮಚ್ಚಾ" ಎಂದಷ್ಟೇ ಹೇಳಿ, ಕೈಯಲ್ಲಿ ಲೋಟ ಹಿಡಿದಿರಿ. ಕಾರಣ ಕೊಟ್ಟಷ್ಟೂ ಚರ್ಚೆ ಬೆಳೆಯುತ್ತದೆ.

ಫೋಟೋ ಗ್ರೂಪಿಗೆ ಹಾಕುವ ಮೊದಲು ಕೇಳಿ. ಎಷ್ಟೋ ಜನರ ಮನೆಯಲ್ಲಿ ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ. ಹತ್ತು ಗಂಟೆಯ ಮೇಲೆ ಟೆರೇಸಿನ ಸ್ಪೀಕರ್ ಬಂದ್; ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂದು ಕಾನೂನೇ ಇದೆ. ಪಕ್ಕದ ಮನೆಯವರಿಗೆ ಬೆಳಗ್ಗೆಯೇ ಹೋಗಿ ಒಂದು ಮಾತು ಹೇಳಿ ಬಂದರೆ ಅರ್ಧ ತಕರಾರು ತಪ್ಪುತ್ತದೆ.

ಬಾರ್‌ನಲ್ಲಿ ಸೇರುವುದಾದರೆ

ಮಾತಾಡಲು ಸೇರುವವರಿಗೆ ಜೋರು ಸಂಗೀತದ ಪಬ್ ಸಲ್ಲದು. ಬಡಾವಣೆಯ ಬಾರ್ ಅಂಡ್ ರೆಸ್ಟೋರೆಂಟ್‌ನ ಮೇಲಿನ ಮಹಡಿಯೋ, ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ಮೈಕ್ರೋಬ್ರೂವರಿಯೋ ಆಗಬಹುದು. ಆರಕ್ಕಿಂತ ಹೆಚ್ಚು ಜನ ಇದ್ದರೆ ಮೇಜು ಮೊದಲೇ ಕಾಯ್ದಿರಿಸಿ. ಡಿಸೆಂಬರ್ ವಾರಾಂತ್ಯಗಳಲ್ಲಿ ಆರೂವರೆಗೇ ಹೋಗಿ ಕೂತರೆ ಒಳ್ಳೆಯದು. 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗೆ ಮಾತಾಡಲೆಂದು ಹೋಗಬೇಡಿ.

ಮೈಕ್ರೋಬ್ರೂವರಿಯಲ್ಲಿ ಮೊದಲು ರುಚಿ ನೋಡಲು ಸ್ವಲ್ಪ ಕೇಳಿ, ಕೊಡುತ್ತಾರೆ. ಗೋಧಿ ಬಿಯರ್ ಸಾಮಾನ್ಯವಾಗಿ ಶೇಕಡಾ 5ರ ಸುತ್ತಮುತ್ತ, ಆದರೆ ಅದೇ ಮೆನುವಿನಲ್ಲಿ ಶೇಕಡಾ 7, 8ರದ್ದೂ ಇರುತ್ತವೆ. ಹೆಸರಿನ ಪಕ್ಕ ಬರೆದಿರುತ್ತಾರೆ, ಓದಿ ಆರ್ಡರ್ ಮಾಡಿ.

ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವ ಪದ್ಧತಿ ದೊಡ್ಡ ಗುಂಪಿಗೆ ಸರಿಹೊಂದುವುದಿಲ್ಲ. ಬೇಗ ಕುಡಿಯುವವರ ವೇಗಕ್ಕೆ ನಿಧಾನ ಕುಡಿಯುವವರೂ ಓಡಬೇಕಾಗುತ್ತದೆ, ತನ್ನ ಸರದಿ ಕಳೆಯಬೇಕೆಂದು ಬೇಡದ ಕೊನೆಯ ಪೆಗ್ಗೂ ಬರುತ್ತದೆ. ಅವರವರದ್ದು ಅವರವರು ಹೇಳಲಿ. ವೇಟರ್ ಲೋಟ ಖಾಲಿಯಾದ ಕೂಡಲೇ "ರಿಪೀಟ್ ಸಾರ್?" ಎನ್ನುತ್ತಾರೆ, ಮಾತಿನ ಭರದಲ್ಲಿ ತಲೆಯಾಡಿಸಿಬಿಡುತ್ತೇವೆ. ಬಂದ ಕೂಡಲೇ "ಅಣ್ಣ, ನಾವು ಕರೆದಾಗ ಮಾತ್ರ" ಎಂದುಬಿಡಿ. ಪೆಗ್ ಎದುರಿಗೇ ಅಳೆದು ಹಾಕಲಿ, ಬಿಯರ್ ಮುಚ್ಚಳ ಮೇಜಿನ ಬಳಿಯೇ ತೆರೆಯಲಿ. ಹಾಗೆ ಕೇಳುವುದರಲ್ಲಿ ಸಂಕೋಚ ಬೇಡ. ಲೋಟ ಬಿಟ್ಟು ಎದ್ದು ಹೋಗುವುದಾದರೆ ನಂಬಿಗಸ್ತರ ಕೈಗೆ ಕೊಟ್ಟು ಹೋಗಿ.

ಬಿಲ್ಲಿನಲ್ಲಿ ಪೆಗ್‌ಗಳ ಸಂಖ್ಯೆ, ನೀರಿನ ಬಾಟಲಿ, ಕೇಳದೆ ತಂದಿಟ್ಟ ಮಸಾಲೆ ಪಾಪಡ್, ಇವು ಮೂರನ್ನು ನೋಡಿ. ಸರ್ವಿಸ್ ಚಾರ್ಜ್ ಕೊಡಲೇಬೇಕೆಂದಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಬಡಿಸಿದ ಹುಡುಗನ ಕೈಗೆ ಟಿಪ್ಸ್ ಕೊಡುವುದು ಉತ್ತಮ. ಹಂಚಿಕೊಳ್ಳುವಾಗ ಊಟದ ಮೊತ್ತವನ್ನು ಎಲ್ಲರೂ, ಮದ್ಯದ ಮೊತ್ತವನ್ನು ಕುಡಿದವರು ಮಾತ್ರ. ಲೈಮ್ ಸೋಡಾ ಕುಡಿದವರಿಂದ ಸಮಪಾಲು ವಸೂಲಿ ಮಾಡಿದರೆ ಅವರು ಮುಂದಿನ ಸಲ ಬರುವುದಿಲ್ಲ. ಹಣ ಮೇಜಿನಿಂದ ಏಳುವ ಮೊದಲೇ ಯುಪಿಐನಲ್ಲಿ ಬಂದುಬಿಡಲಿ.

ಮನೆ ಸೇರುವುದು

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. 60 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಗೆ ಒಂದು ಸ್ಮಾಲ್ ಹಾಕಿದರೇ 25ರ ಹತ್ತಿರ ಬರುತ್ತದೆ, ಲಾರ್ಜ್ ಹಾಕಿದರೆ ದಾಟಿಯಾಯಿತು. ಹೆಂಗಸರ ದೇಹದಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಪೆಗ್‌ಗೆ ಮಟ್ಟ ಇನ್ನೂ ಏರುತ್ತದೆ. ಅಂದರೆ "ಎಷ್ಟು ಕುಡಿದರೆ ಓಡಿಸಬಹುದು" ಎಂಬ ಲೆಕ್ಕವೇ ಬೇಡ. ಕುಡಿಯುವ ದಿನ ಗಾಡಿ ಮನೆಯಲ್ಲೇ ಇರಲಿ.

ಗಾಡಿಯಲ್ಲಿ ಬಂದವರ ಕೀಲಿಯನ್ನು ಬಂದ ತಕ್ಷಣ, ಎಲ್ಲರೂ ಸರಿಯಿರುವಾಗ, ಒಂದು ಡಬ್ಬಿಗೆ ಹಾಕಿಸಿ. ಹನ್ನೊಂದಕ್ಕೆ ಕೇಳಿದರೆ ಜಗಳವಾಗುತ್ತದೆ. ಮೆಟ್ರೋ ಸಾಮಾನ್ಯ ದಿನ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ. ಹೊಸ ವರ್ಷದ ರಾತ್ರಿ ಸಮಯ ವಿಸ್ತರಿಸುವುದುಂಟು, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಅದೇ ರಾತ್ರಿ ಫ್ಲೈಓವರ್‌ಗಳನ್ನು ಸಂಚಾರ ಪೊಲೀಸರು ಮುಚ್ಚುತ್ತಾರೆ, ಕ್ಯಾಬ್ ದರ ಗಗನಕ್ಕೇರುತ್ತದೆ, ಹನ್ನೆರಡೂವರೆಗೆ ಸಿಗುವುದೇ ಇಲ್ಲ. ಅವತ್ತು ಒಂದೋ ಹನ್ನೊಂದರೊಳಗೆ ಹೊರಡಿ, ಇಲ್ಲವೇ ಅಲ್ಲೇ ಮಲಗಿ. ನಾಲ್ಕು ಚಾಪೆ, ನಾಲ್ಕು ಹೊದಿಕೆ ಸಂಜೆಯೇ ತೆಗೆದಿಟ್ಟಿದ್ದರೆ "ಇಲ್ಲೇ ಮಲಗು" ಎಂಬ ಮಾತಿಗೆ ತೂಕ ಬರುತ್ತದೆ. ಹೊರಟವರು ಮನೆ ತಲುಪಿ ಮೆಸೇಜ್ ಹಾಕುವವರೆಗೆ ಒಬ್ಬರಾದರೂ ಎಚ್ಚರವಾಗಿರಿ.

ಯಾರಿಗಾದರೂ ಹೆಚ್ಚಾದರೆ

ತೂರಾಡುವವರನ್ನು ಕೂರಿಸಿ ನೀರು ಕೊಡಿ, ಒಂಟಿಯಾಗಿ ಬಾಲ್ಕನಿಗೂ ಬಚ್ಚಲಿಗೂ ಕಳಿಸಬೇಡಿ. ಮಲಗಿದವರನ್ನು ಅಂಗಾತ ಬಿಡಬೇಡಿ. ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲು ಮಡಿಸಿ ಮುಂದಕ್ಕೆ ಊರಿಸಿ, ಕೈ ಕೆನ್ನೆಯ ಕೆಳಗಿಟ್ಟು ಬಾಯಿ ನೆಲದ ಕಡೆ ವಾಲುವಂತೆ ಮಾಡಿ. ನಿದ್ದೆಯಲ್ಲಿ ವಾಂತಿಯಾದರೆ ಹೊರಗೆ ಹೋಗಬೇಕು, ಶ್ವಾಸನಾಳಕ್ಕೆ ಇಳಿಯಬಾರದು. ಬೆನ್ನ ಹಿಂದೆ ದಿಂಬು ಒತ್ತರಿಸಿ, ಹತ್ತಿರ ಒಬ್ಬರು ಕೂತಿರಿ.

ಜೋರಾಗಿ ಕರೆದು ಚಿವುಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಅಥವಾ ಹತ್ತು ಸೆಕೆಂಡು ನಿಂತು ನಿಂತು ಬರುತ್ತಿದ್ದರೆ, ತುಟಿ ಉಗುರು ನೀಲಿಗಟ್ಟಿದರೆ, ಮೈ ತಣ್ಣಗಿದ್ದು ಬೆವರುತ್ತಿದ್ದರೆ, ಫಿಟ್ಸ್ ಬಂದರೆ ಕಾಯಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ. ಏನು ಕುಡಿದರು, ಎಷ್ಟು, ಯಾವಾಗ, ಯಾವ ಮಾತ್ರೆ ಎಂಬುದನ್ನು ಮುಚ್ಚಿಡದೆ ಹೇಳಿ. ಮಜ್ಜಿಗೆ, ಉಪ್ಪಿನಕಾಯಿ, ನಿಂಬೆರಸ ಬಾಯಿಗೆ ಹಾಕಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಶವರ್ ಕೆಳಗೆ ನಿಲ್ಲಿಸಬೇಡಿ. ಎಚ್ಚರವಿಲ್ಲದವರಿಗೆ ಏನು ಕುಡಿಸಿದರೂ ಅದು ಶ್ವಾಸಕೋಶಕ್ಕೆ ಹೋಗಬಹುದು. ಮಾರನೇ ದಿನ ಕಣ್ಣು ಮಂಜಾಗಿ ಕಂಡರೆ ಅದು ಹ್ಯಾಂಗೋವರ್ ಅಲ್ಲ, ಮೆಥನಾಲ್‌ನ ಲಕ್ಷಣ, ಕೂಡಲೇ ಆಸ್ಪತ್ರೆಗೆ.

ಬೆಳಗ್ಗೆ

ಮಾಮೂಲಿ ತಲೆನೋವಿಗೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ನೀರು ಮಜ್ಜಿಗೆ, ಇಡ್ಲಿ, ನಿದ್ದೆ. ಪ್ಯಾರಸಿಟಮಾಲ್ ಯಕೃತ್ತಿಗೆ ಹೊರೆ, ಐಬುಪ್ರೊಫೆನ್ ಹೊಟ್ಟೆಯನ್ನು ಕೆರಳಿಸುತ್ತದೆ. ಎರಡನ್ನೂ ಆದಷ್ಟು ದೂರವಿಡಿ. ಬೆಳಗಿನ ಒಂದು ಪೆಗ್ಗಿನಿಂದ ತಲೆನೋವು ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ.

ಉಳಿದ ವಿಸ್ಕಿ, ರಮ್ ಮುಚ್ಚಳ ಬಿಗಿದು ನೆರಳಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ತೆರೆದ ವೈನ್ ಫ್ರಿಜ್‌ನಲ್ಲಿ ಎರಡು ಮೂರು ದಿನ, ಆಮೇಲೆ ಮಾಂಸ ನೆನೆಸಲು ಬಳಸಿ. ತೆರೆದ ಬಿಯರ್ ಚೆಲ್ಲುವುದೇ ಸರಿ. ಖಾಲಿ ಬಾಟಲಿಗಳನ್ನು ಹಳೇ ಪೇಪರ್ ಅಂಗಡಿಗೆ ಕೊಡಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ ಟೇಪ್ ಹಾಕಿ, ಮೇಲೆ "ಗಾಜು" ಎಂದು ದೊಡ್ಡದಾಗಿ ಬರೆದು ಪೌರಕಾರ್ಮಿಕರ ಕೈಗೆ ಹೇಳಿಯೇ ಕೊಡಿ.